ಕೋಲಾರದ ಕೆರೆಗಳೂ ಬಾವಿಯ ನೀರೂ

ಬೆಂಗಳೂರಿನಿಂದ ಮೂಡಲಿಗೆ ಹೊರಟು ಹೊಸಕೋಟೆಯನ್ನು ದಾಟಿ ಕೋಲಾರದ ಸೀಮೆಯನ್ನು ಹೊಕ್ಕ ಪ್ರವಾಸಿಗೆ ಬಂಡೆಗಲ್ಲಿನ ಗುಡ್ಡಗಳೂ, ಅವುಗಳ ತಗ್ಗಿನಲ್ಲಿ ಒಂದರ ಕೆಳಗೊಂದಾಗಿ ಕಟ್ಟಿದ ಕೆರೆಗಳೂ ಕಾಣುತ್ತವೆ. ವರ್ಷವೆಲ್ಲ ಹರಿಯುವ ಹೊಳೆಯೊಂದೂ ಇಲ್ಲದ ಈ ನಾಡಿನಲ್ಲಿ, ಮೇಲಣ ಕೆರೆಯ ಕೋಡಿಯ ನೀರು ಕೆಳಗಣ ಕೆರೆಯನ್ನು ಸೇರುವಂತೆ ಹಿರಿಯರು ಏರ್ಪಡಿಸಿದ್ದರು. ನಿಂತ ಮಳೆಯ ನೀರು ಮೆಲ್ಲನೆ ಇಂಗಿ, ಏರಿಯ ಕೆಳಗಿನ ಸೇದುಬಾವಿಗಳನ್ನು ತುಂಬುತ್ತಿದ್ದಿತು.

ಕಾಲುವೆಗಳು ಹೂತುಹೋದುವು, ಕೊಳವೆಬಾವಿಗಳು ಹೆಚ್ಚಿದುವು, ಸೇದುಬಾವಿಗಳು ಬತ್ತಿದುವು. ಕೊಳವೆಯು ಸಾವಿರ ಅಡಿಗೂ ಮೀರಿ ಇಳಿದಲ್ಲಿ ದೊರೆತುದು ಬಂಡೆಯ ಬಿರುಕುಗಳಲ್ಲಿ ಬಹುಕಾಲ ನಿಂತ ನೀರು. ಕಲ್ಲಿನ ಫ್ಲೋರೈಡು ಅದರಲ್ಲಿ ಕರಗಿರುತ್ತದೆ. ಲೀಟರಿಗೆ ೧.೫ ಮಿಲಿಗ್ರಾಮನ್ನು ಮೀರಿದರೆ ಅದು ಕುಡಿಯಲು ಯೋಗ್ಯವಲ್ಲ. ನೋಡಿದರೆ ತಿಳಿನೀರು, ನಾಲಗೆಗೆ ದೋಷ ತೋರದು, ಕಾಯಿಸಿದರೂ ಹೋಗದು. ಮಕ್ಕಳ ಹಲ್ಲಿನಲ್ಲಿ ಕಂದುಗೆರೆ ಮೂಡಿದಾಗಲೇ ಮನೆಯವರಿಗೆ ಅದರ ಅರಿವಾಗುವುದು. ಬಹುವರ್ಷ ಕುಡಿದವರ ಕೀಲುಗಳೂ ಬಿಗಿಯುವುವು.

ನರಸಾಪುರದ ಬಳಿಯ ಲಕ್ಷ್ಮೀಸಾಗರದ ಕೆರೆಗೆ ೨೦೧೮ರಲ್ಲಿ ಹೊಸ ನೀರು ಬಂದಿತು. ಅದು ಮಳೆಯದಲ್ಲ, ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆನೀರನ್ನು ಎರಡನೆಯ ಹಂತದವರೆಗೆ ಶುದ್ಧಿಮಾಡಿ, ಕುಡಿಯಲೆಂದಲ್ಲದೆ ಇಂಗಲೆಂದು ಕೆರೆಯಿಂದ ಕೆರೆಗೆ ಹರಿಸಿದುದು. ಸುತ್ತಲ ಬಾವಿಗಳಲ್ಲಿ ನೀರು ಮೇಲೆ ಬಂದಿತು. ರೈತರ ಸಂತೋಷ ಸಹಜವೇ. ಅದೇ ವರ್ಷ ನೀರಿನ ಮೇಲೆ ನೊರೆ ಎದ್ದು, ವ್ಯಾಜ್ಯವು ಹೈಕೋರ್ಟನ್ನೂ ಸೇರಿತು.

ಬಾವಿ ತುಂಬಿದ ಮಾತ್ರಕ್ಕೆ ನೀರು ಒಳ್ಳೆಯದಾಯಿತೆಂದು ಹೇಳಲಾಗದು. ಮಣ್ಣು ನಿಧಾನವಾಗಿ ಸೋಸುವಾಗ ಕೆಸರನ್ನೂ ಬಹುಪಾಲು ಕ್ರಿಮಿಗಳನ್ನೂ ತಡೆಯುತ್ತದೆ. ಕರಗಿದ ಉಪ್ಪನ್ನೂ ನೈಟ್ರೇಟನ್ನೂ ತಡೆಯಲಾರದು. ಈ ವಿಷಯದಲ್ಲಿ ಮಳೆಯ ನೀರೇ ಮೇಲು. ಅದರಲ್ಲಿ ಉಪ್ಪು ಅತ್ಯಲ್ಪ. ಸಾಕಷ್ಟು ಇಂಗಿದರೆ ಬಾವಿಯ ಫ್ಲೋರೈಡನ್ನು ತೆಳುಮಾಡಬಲ್ಲುದು. ಆದರೆ ಒಣನೆಲದಲ್ಲಿ ಕೂಡಿದ ಉಪ್ಪನ್ನು ಮೊದಲ ಮಳೆಗಳು ಕೆಳಕ್ಕೆ ಒಯ್ಯುವುದೂ ಉಂಟು. ಮಾಳಿಗೆಯ ನೀರನ್ನು ನೇರವಾಗಿ ಕೊಳವೆಬಾವಿಗೆ ಬಿಡುವ ಅವಸರವನ್ನು ಮಾತ್ರ ನಾನು ಒಪ್ಪಲಾರೆ. ಹಕ್ಕಿಯ ಹಿಕ್ಕೆಯೂ ಬೀದಿಯ ಎಣ್ಣೆಯೂ ಸೋಸದೆಯೇ ಬಂಡೆಯ ಬಿರುಕನ್ನು ಸೇರುತ್ತವೆ. ಮೊದಲ ಮಳೆಯನ್ನು ಹೊರಗೆ ಹರಿಯಬಿಟ್ಟು, ಉಳಿದುದನ್ನು ದಪ್ಪಕಲ್ಲು, ಜಲ್ಲಿ, ಮರಳು ತುಂಬಿದ ಗುಂಡಿಗೆ ಹರಿಸುವುದು ಲೇಸು. ಆ ಗುಂಡಿ ಕಕ್ಕಸಿನ ಗುಂಡಿಗೂ ತಿಪ್ಪೆಗೂ ದೂರವಿರಬೇಕು.

ಅಡಿಗೆಗೂ ಕುಡಿಯುವುದಕ್ಕೂ ತೊಟ್ಟಿಯಲ್ಲಿ ಹಿಡಿದ ಶುದ್ಧವಾದ ಮಳೆನೀರನ್ನು ಸೋಸಿ ಕಾಯಿಸಿ, ಬಾವಿಯ ನೀರನ್ನು ಪಾತ್ರೆ ಬಟ್ಟೆಗಳಿಗೆ ಬಳಸಬಹುದು. ಬಾವಿಯ ನೀರನ್ನೇ ಕುಡಿಯುವವರು ಮಳೆಗಾಲಕ್ಕೆ ಮುಂಚೆ ಒಮ್ಮೆ, ತರುವಾಯ ಒಮ್ಮೆ ಪ್ರಯೋಗಶಾಲೆಯಲ್ಲಿ ಪರೀಕ್ಷೆ ಮಾಡಿಸಿ, ಫ್ಲೋರೈಡು, ನೈಟ್ರೇಟುಗಳೆರಡರ ಅಂಕೆಗಳನ್ನೂ ಕೇಳಿ ಬರೆಯಿಸಿಕೊಳ್ಳತಕ್ಕದ್ದು.