ಬೂಷ್ಟಿನ ತಿಂಗಳುಗಳು

ಮೇ 29, ಉಡುಪಿ

ಮಾವ ಕುವೈತಿನಿಂದ ತಂದಿದ್ದ ಒಲಿಂಪಸ್ ಟ್ರಿಪ್ 35 ಇವತ್ತು ನನ್ನ ಕೈಗೆ ಬಂತು. ಕಪಾಟು ಖಾಲಿ ಮಾಡುತ್ತಿದ್ದ ಅತ್ತೆ, "ನೀನೇ ಇಟ್ಟುಕೋ ಮಾರಾಯ, ಇಲ್ಲಿ ಯಾರೂ ಮುಟ್ಟುವುದಿಲ್ಲ" ಎಂದರು.

ಇದಕ್ಕೆ ಬ್ಯಾಟರಿಯೇ ಬೇಡ. ಲೆನ್ಸಿನ ಸುತ್ತಲಿನ ಉಬ್ಬುಗಾಜಿನ ಹಿಂದೆ ಸೆಲೆನಿಯಂ ಇದೆ. ಬೆಳಕು ಬಿದ್ದರೆ ವಿದ್ಯುತ್ತು ಹುಟ್ಟಿ ಮೀಟರಿನ ಮುಳ್ಳು ಸರಿಯುತ್ತದೆ. ಅದನ್ನು ನೋಡಿಕೊಂಡು ಕ್ಯಾಮೆರಾ 1/40 ಅಥವಾ 1/200 ಸೆಕೆಂಡನ್ನು ತಾನೇ ಆರಿಸುತ್ತದೆ. ಬೆಳಕು ಸಾಲದಿದ್ದರೆ ವ್ಯೂಫೈಂಡರಿನಲ್ಲಿ ಕೆಂಪು ಬಾವುಟ ಎದ್ದು ಶಟರಿಗೆ ಬೀಗ ಬೀಳುತ್ತದೆ. 'ಎ'ಗೆ (ಆಟೊ) ಇಟ್ಟು ಲೆನ್ಸನ್ನು ಅಂಗೈಯಿಂದ ಮುಚ್ಚಿ ಒತ್ತಿದೆ, ಬಾವುಟ ಬಂತು. ಅಂಗಳದ ಬಿಸಿಲಿಗೆ ಹಿಡಿದು ಒತ್ತಿದೆ, ಕ್ಲಿಕ್ ಎಂದಿತು. ಸೆಲೆನಿಯಂ ಬದುಕಿದೆ!

ಜೂನ್ 12

ಕ್ಯಾಮೆರಾದ ಹಿಂಬಾಗಿಲಿನ ಸ್ಪಂಜು ಕರಗಿ ಡಾಂಬರಾಗಿದೆ. ಇದ್ದ ಹಾಗೆ ಬಿಟ್ಟರೆ ಬೆಳಕು ಒಳಗೆ ಸೋರಿ ಫಿಲ್ಮು ಹಾಳು. ಹಲ್ಲುಕಡ್ಡಿಗೆ ಹತ್ತಿ ಸುತ್ತಿ, ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿ ಕೆರೆದೆ. ಸಂದುಗಳಿಗೆ ಕಪ್ಪು ಉಲ್ಲನ್ ದಾರ, ಕೀಲಿನ ಬದಿಗೆ ದರ್ಜಿ ಕೊಟ್ಟ ಮಖಮಲ್ಲಿನ ಚೂರು. ನೋಡಲು ಚಂದವಿಲ್ಲ, ಕೆಲಸಕ್ಕೆ ಸಾಕು.

ಮಳೆ ಹಿಡಿದಿದೆ. ಚರ್ಮದ ಕವರನ್ನು ಬೇರೆ ಇಟ್ಟೆ. ಅದು ತೇವ ಹೀರಿ ಬೂಷ್ಟು ಸಾಕುತ್ತದೆ. ಕ್ಯಾಮೆರಾ ಗಾಳಿಯಾಡದ ಡಬ್ಬಿಗೆ, ಜೊತೆಗೆ ಸಿಲಿಕಾ ಜೆಲ್. ನೀಲಿ ಹರಳು ಗುಲಾಬಿಯಾದರೆ ಬಿಸಿ ಮಾಡಿ ಮತ್ತೆ ಒಣಗಿಸಬೇಕು. ಅಕ್ಕಿ ಡಬ್ಬಿಯಲ್ಲಿ ಹೂತಿಡಿ ಎಂದರು ಪಕ್ಕದ ಮನೆಯವರು. ಅಕ್ಕಿಯ ಹುಡಿ ಲೆನ್ಸಿನ ಸಂದಿಗೆ ಹೋದರೆ ಯಾರು ತೆಗೆಯುವುದು?

ಜುಲೈ 16

ಟಾರ್ಚು ಬಿಟ್ಟು ನೋಡಿದರೆ ಲೆನ್ಸಿನ ಅಂಚಿನಲ್ಲಿ ಬಿಳಿ ಎಳೆಗಳು. ಮಂಗಳೂರಿನ ರಿಪೇರಿಯವರಿಗೆ ತೋರಿಸಿದೆ. "ಈಗ ಬಿಚ್ಚುವುದು ಬೇಡ ಸರ್. ಇದೇ ಗಾಳಿ ಒಳಗೆ ಹೋಗ್ತದೆ. ಮಳೆ ಬಿಡಲಿ. ಅಲ್ಲಿವರೆಗೆ ರೀಲು ಹಾಕಿ ತೆಗೀತಾ ಇರಿ, ಕಪಾಟಿನಲ್ಲಿಟ್ಟದ್ದಕ್ಕೇ ಇದು ಬಂದದ್ದು." ಹಣ ತೆಗೆದುಕೊಳ್ಳಲಿಲ್ಲ. ಮಾವ ಕ್ಯಾಮೆರಾವನ್ನು ಬಟ್ಟೆ ಸುತ್ತಿ, ಕವರಿಗೆ ಹಾಕಿ, ಬೀಗ ಹಾಕಿ ಇಟ್ಟಿದ್ದರು. ಪ್ರೀತಿಯಿಂದಲೇ.

ಆಗಸ್ಟ್ 27, ವಿಟ್ಲಪಿಂಡಿ (ಕೃಷ್ಣಾಷ್ಟಮಿಯ ಮರುದಿನದ ಉತ್ಸವ)

ಐಎಸ್ಒ 400ರ ರೀಲು ನಿನ್ನೆಯೇ ಫ್ರಿಜ್ಜಿನಿಂದ ತೆಗೆದಿಟ್ಟಿದ್ದೆ, ತಣ್ಣಗಿರುವಾಗ ಬಿಚ್ಚಿದರೆ ಫಿಲ್ಮಿನ ಮೇಲೆ ನೀರು ಕೂರುತ್ತದೆ. ತುಂಬಿ ಚಕ್ರ ತಿರುಗಿಸುವಾಗ ರಿವೈಂಡ್ ಗುಂಡಿಯೂ ತಿರುಗಿತು; ಫಿಲ್ಮು ಸರಿಯಾಗಿ ಕಚ್ಚಿದೆ.

ರಥಬೀದಿಯಲ್ಲಿ ಜನವೋ ಜನ. ಫೋಕಸ್ಸಿಗೆ ಇದರಲ್ಲಿ ನಾಲ್ಕೇ ಚಿತ್ರ: ಒಬ್ಬರ ಮುಖ, ಇಬ್ಬರು, ಗುಂಪು, ಗುಡ್ಡ. ಗುಂಪಿಗೆ, ಅಂದರೆ ಮೂರು ಮೀಟರಿಗೆ, ಇಟ್ಟು ಮರೆತೆ. ಹುಲಿವೇಷದವರು ತಾಸೆಯ ಪೆಟ್ಟಿಗೆ ತಿರುಗಿ ಹಾರುವಾಗ ಫೋಕಸ್ಸು ತಿರುಗಿಸುತ್ತ ಕೂತರೆ ಹುಲಿ ಆಚೆ ಬೀದಿಗೆ ಹೋಗಿರುತ್ತದೆ. ಕತ್ತಲಾಗುತ್ತ ಬಾವುಟ ಮತ್ತೆ ಮತ್ತೆ ಎದ್ದಿತು. ಅದರ ಮಾತು ಕೇಳಿ ಮುಚ್ಚಳ ಹಾಕಿದೆ.

ಇಲ್ಲಿನ ಸ್ಟುಡಿಯೋದವರು ರೀಲು ತೊಳೆಯುವುದು ಬಿಟ್ಟಿದ್ದಾರೆ, ಬೆಂಗಳೂರಿಗೆ ಕಳಿಸಬೇಕು. ನೆಗೆಟಿವ್ ಆರಾರರ ತುಂಡು ಮಾಡಿ ವಾಪಸು ಕಳಿಸಿ ಎಂದು ಚೀಟಿ ಬರೆದಿಟ್ಟೆ. ಕೆಲವರು ಸ್ಕ್ಯಾನ್ ಮಾತ್ರ ಕಳಿಸಿ ನೆಗೆಟಿವ್ ಎಸೆದುಬಿಡುತ್ತಾರಂತೆ.