ಡಚ್ಚರ ಹಳ್ಳಿಯಲ್ಲೊಂದು ಬಾಡಿಗೆ ಮನೆ

ಬಾಲ್ಯದಿಂದಲೂ ಮಠದ ಆಶ್ರಯದಲ್ಲಿ ಬೆಳೆದ ನಮಗೆ ಬಾಡಿಗೆಯ ವ್ಯವಹಾರ ಅಪರಿಚಿತವಾದುದು. ವಿದ್ಯಾರ್ಥಿದೆಸೆಯಲ್ಲಿ ಪ್ರಸಾದನಿಲಯದ ಕೋಣೆ, ಬಳಿಕ ಸಂಸ್ಥೆಯ ವಸತಿಗೃಹ. ಹೀಗೆ ಅರವತ್ತು ದಾಟುವವರೆಗೂ ಮನೆ ಮಾಲೀಕರೆಂಬವರ ಮುಖವನ್ನೇ ಕಾಣದೆ ಕಾಲ ಕಳೆದೆವು. ಅಂಥ ನಾವು 2025ರ ಮೇ ತಿಂಗಳಲ್ಲಿ ನೆದರ್ಲೆಂಡ್ಸ್ ದೇಶದ ಹಳ್ಳಿಯೊಂದರಲ್ಲಿ ಆರು ವಾರ ತಂಗಿದ್ದು, ಒಂದು ಬಾಡಿಗೆ ಮನೆಯ ವೃತ್ತಾಂತವನ್ನು ಮೊದಲಿನಿಂದ ಕೇಳಿ, ಅದರ ಕೊನೆಯ ಭಾಗಕ್ಕೆ ಸಾಕ್ಷಿಯೂ ಆಗಿ ಬಂದೆವು. ಮಕ್ಕಳನ್ನು ಹೊರನಾಡಿಗೆ ಕಳುಹಿಸಿದ ಮನೆತನಗಳು ನಮ್ಮಲ್ಲಿ ಈಗ ಬಹಳ. ಅವರಿಗೆ ಉಪಯೋಗವಾದೀತೆಂದು ಇಷ್ಟನ್ನು ಬರೆಯುತ್ತಿದ್ದೇವೆ.

ಧಾರವಾಡದ ನಮ್ಮ ಸಹಪಾಠಿಯೊಬ್ಬರ ಮಗ ಎನ್‌ಸ್ಕೆಡೆ ಪಟ್ಟಣದ ಭೂಮಾಹಿತಿ ವಿಜ್ಞಾನ ಸಂಸ್ಥೆಯಲ್ಲಿ ಸಂಶೋಧಕ. ಐಟಿಸಿ ಎಂದು ಪ್ರಸಿದ್ಧವಾದ ಈ ಸಂಸ್ಥೆ 1950ರಲ್ಲಿ ಡೆಲ್ಫ್ಟ್ ನಗರದಲ್ಲಿ ಹುಟ್ಟಿ, 1971ರಲ್ಲಿ ಎನ್‌ಸ್ಕೆಡೆಗೆ ಬಂದಿತು. 2010ರಿಂದ ಟ್ವೆಂಟೆ ವಿಶ್ವವಿದ್ಯಾಲಯದ ಅಂಗವಾಗಿದೆ. ನಮ್ಮ ಡೆಹ್ರಾಡೂನಿನ ದೂರಸಂವೇದಿ ಸಂಸ್ಥೆ 1966ರಲ್ಲಿ ಸ್ಥಾಪನೆಯಾದುದು ಡಚ್ ಸರ್ಕಾರದ ಸಹಕಾರದಿಂದ, ಇದರ ಮಾದರಿಯಲ್ಲಿಯೇ. ಹೀಗಾಗಿ ಭಾರತೀಯ ವಿದ್ಯಾರ್ಥಿಗಳು ಆ ಊರಿಗೆ ಹೊಸಬರಲ್ಲ. ಆದರೆ ಓದಲು ಬಂದವರಿಗೆ ಒಂದು ಕೋಣೆ ಸಿಕ್ಕೀತು. ಸಂಸಾರ ಹೂಡುವವರಿಗೆ ಮನೆ ಸಿಗುವುದು ದುರ್ಲಭ. ಸಂಘಗಳ ಕಡಿಮೆ ಬಾಡಿಗೆಯ ಮನೆಗಳಿಗೆ ವರ್ಷಾನುಗಟ್ಟಲೆ ಸರದಿ ಕಾಯಬೇಕು.

ಈ ಅವಸರದಲ್ಲಿಯೇ ಹುಡುಗನು ಮೋಸ ಹೋದನು. ಪಟ್ಟಣದ ಮನೆಯೊಂದರ ಚಿತ್ರಗಳನ್ನು ತೋರಿಸಿದ ವ್ಯಕ್ತಿಯೊಬ್ಬ, ತಾನು ಪರದೇಶದಲ್ಲಿರುವುದಾಗಿಯೂ ಠೇವಣಿ ಬಂದೊಡನೆ ಬೀಗದಕೈ ಕಳುಹಿಸುವುದಾಗಿಯೂ ನಂಬಿಸಿದನು. ಹಣ ಹೋಯಿತು, ಬೀಗದಕೈ ಬರಲಿಲ್ಲ. ಇನ್ನೊಬ್ಬ ಮಾಲೀಕ ಮನೆಯನ್ನೇನೋ ತೋರಿಸಿದ. ಆದರೆ ಆ ವಿಳಾಸದಲ್ಲಿ ಹೆಸರು ನೋಂದಾಯಿಸಕೂಡದೆಂದು ಷರತ್ತು ಹಾಕಿದ. ಆ ದೇಶದಲ್ಲಿ ನಾಲ್ಕು ತಿಂಗಳಿಗಿಂತ ಹೆಚ್ಚು ಕಾಲ ನಿಲ್ಲುವವರು ಬಂದ ಐದು ದಿನಗಳೊಳಗೆ ಪುರಸಭೆಯಲ್ಲಿ ನೋಂದಾಯಿಸಿಕೊಳ್ಳಬೇಕು. ಅಲ್ಲಿ ದೊರೆಯುವ ನಾಗರಿಕ ಸಂಖ್ಯೆಯಿಲ್ಲದೆ ಸಂಬಳ, ವಿಮೆಗಳ ವ್ಯವಹಾರ ಸಾಗದು. ನೋಂದಣಿ ಬೇಡವೆನ್ನುವ ಮನೆಯನ್ನು ಬಿಟ್ಟು ನಡೆಯುವುದೇ ಲೇಸು. ನಮ್ಮ ತಾಯಂದಿರು ಮಕ್ಕಳಿಗೆ ಉಪ್ಪಿನಕಾಯಿ ಕಟ್ಟಿಕೊಡುವಾಗ ಈ ಎರಡು ಮಾತನ್ನೂ ಕಟ್ಟಿಕೊಟ್ಟರೆ ಒಳಿತು.

ಕೊನೆಗೆ ಸಹೋದ್ಯೋಗಿಯೊಬ್ಬರ ಮೂಲಕ ಮನೆ ದೊರೆತದ್ದು ಲೋಸರ್ ಎಂಬ ಊರಿನ ಹೊರವಲಯದಲ್ಲಿ. ಪಟ್ಟಣದಿಂದ ಸುಮಾರು 10 ಕಿಲೋಮೀಟರ್, ಜರ್ಮನಿಯ ಗಡಿಗೆ ಅತಿ ಸಮೀಪ. ಹಾಲೆಂಡ್ ಎಂದೊಡನೆ ಸಮುದ್ರಮಟ್ಟಕ್ಕಿಂತ ಕೆಳಗಿರುವ ಬಯಲನ್ನೂ ಗಾಳಿಗಿರಣಿಯನ್ನೂ ನೆನೆಯುವ ನಮಗೆ ಟ್ವೆಂಟೆ ಸೀಮೆ ಬೇರೆಯೇ ಆಗಿ ಕಂಡಿತು. ಇದು ಮರಳುಮಿಶ್ರಿತ ಎತ್ತರದ ನೆಲ. ಓಕ್ ಮರಗಳ ಸಾಲು, ಹೊಲಗಳ ನಡುವೆ ಪೊದೆಗಳ ಬೇಲಿ, ಡಿಂಕೆಲ್ ಎಂಬ ಸಣ್ಣ ಹೊಳೆ. ಹಿಂದಿನ ಕಾಲದ ರೈತರ ಮನೆಗೆ ಇಲ್ಲಿ ‘ಲೋಸ್ ಹೂಸ್’ ಎನ್ನುತ್ತಾರೆ. ಗೋಡೆಯ ಅಡ್ಡಿಯಿಲ್ಲದೆ ಒಂದೇ ಸೂರಿನಡಿ ಜನರೂ ದನಗಳೂ ಇರುತ್ತಿದ್ದ ಮನೆ. ಅಂಥದೊಂದನ್ನು ನೋಡಿದಾಗ, ತಲೆಬಾಗಿಲು ದಾಟಿದೊಡನೆ ಎತ್ತುಗಳ ಗಂಟೆಯ ಸದ್ದು ಕೇಳುತ್ತಿದ್ದ ನಮ್ಮ ಅಜ್ಜನ ಮನೆ ಕಣ್ಮುಂದೆ ಬಂದಿತು.

ಮನೆಯ ಮಾಲೀಕರು ಎಂಬತ್ತು ದಾಟಿದ ರೈತರು. ದನಗಳನ್ನು ಮಾರಿಬಿಟ್ಟಿದ್ದರು. ತಮ್ಮ ತಂದೆತಾಯಿಗಳ ವೃದ್ಧಾಪ್ಯಕ್ಕೆಂದು ಅಂಗಳದ ಆಚೆ ಬದಿಯಲ್ಲಿ ಕಟ್ಟಿಸಿದ್ದ ಚಿಕ್ಕ ಮನೆಯನ್ನು ಬಾಡಿಗೆಗೆ ಕೊಟ್ಟರು. ಮನೆ ‘ಕಾಲ್’ ಇದೆಯೆಂದರು. ಹುಡುಗನು ಅದನ್ನು ನಮ್ಮ ‘ಖಾಲಿ’ ಎಂದೇ ತಿಳಿದು, ಮಂಚ ಕುರ್ಚಿಗಳಿಲ್ಲದ ಮನೆಯೆಂದು ಭಾವಿಸಿದನು. ಡಚ್ ಭಾಷೆಯಲ್ಲಿ ಕಾಲ್ ಎಂದರೆ ಬೋಳು! 2024ರ ಸೆಪ್ಟೆಂಬರಿನಲ್ಲಿ ಬಾಗಿಲು ತೆರೆದಾಗ ನೆಲಕ್ಕೆ ಹಾಸಿಲ್ಲ, ಕಿಟಕಿಗೆ ಪರದೆಯಿಲ್ಲ, ದೀಪದ ಜಾಗದಲ್ಲಿ ಬರಿಯ ತಂತಿ. ಹಿಂದಿನ ಬಾಡಿಗೆದಾರರು ನೆಲಹಾಸನ್ನೂ ಕಿತ್ತುಕೊಂಡು ಹೋಗುವುದು ಅಲ್ಲಿ ವಾಡಿಕೆ. ಹಾಸು, ಪರದೆಗಳಿರುವ ಮನೆಗೆ ‘ಖೆಸ್ಟೊಫೇರ್ಟ್’ ಎಂದೂ, ಪೀಠೋಪಕರಣಗಳೂ ಇರುವುದಕ್ಕೆ ‘ಖೆಮ್ಯೂಬಿಲೇರ್ಟ್’ ಎಂದೂ ಬೇರೆ ಹೆಸರುಗಳಿವೆ. ಆರು ತಿಂಗಳ ಗರ್ಭಿಣಿ ಹೆಂಡತಿಯೊಡನೆ ಹುಡುಗನು ಬರಿಯ ಸಿಮೆಂಟಿನ ಮೇಲೆ ಮೂರು ರಾತ್ರಿ ಕಳೆದನಂತೆ. ನಾಲ್ಕನೆಯ ದಿನ ಮಾಲೀಕರೇ ಟ್ರ್ಯಾಕ್ಟರಿನಲ್ಲಿ ಹಲಗೆಗಳನ್ನು ತಂದು, ನೆರೆಯ ಇಬ್ಬರನ್ನು ಕರೆದು, ಸಂಜೆಯೊಳಗೆ ಎರಡು ಕೋಣೆಗೆ ನೆಲ ಹಾಸಿದರು. ಹಲಗೆಯ ಹಣವನ್ನು ಕಾಸು ಬಿಡದೆ ಲೆಕ್ಕ ಹಾಕಿ ಪಡೆದರು. ಕೂಲಿ ಎಂದಾಗ ನಕ್ಕರಂತೆ.

ಬಾಡಿಗೆಯ ಕಾನೂನು ಅಲ್ಲಿ ಬಾಡಿಗೆದಾರನ ಪಕ್ಷಕ್ಕೆ ಸ್ವಲ್ಪ ವಾಲಿದೆ. 2023ರ ಜುಲೈ 1ರಂದು ಜಾರಿಗೆ ಬಂದ ಕಾಯಿದೆಯಂತೆ ಠೇವಣಿ ಎರಡು ತಿಂಗಳ ಮೂಲ ಬಾಡಿಗೆಯನ್ನು ಮೀರಕೂಡದು. 2024ರ ಜುಲೈ 1ರಿಂದ ಹೊಸ ಕರಾರುಗಳು, ಕೆಲವು ವಿನಾಯಿತಿಗಳನ್ನುಳಿದು, ಅವಧಿಯ ಮಿತಿಯಿಲ್ಲದವಾಗಿರಬೇಕು. ಬಾಡಿಗೆ ನಿರ್ಣಯಿಸಲು ಮನೆಗೆ ಅಂಕಗಳನ್ನು ಕೊಡುವ ಪದ್ಧತಿಯೂ ಇದೆ: ಕೋಣೆಗಳ ಚದರ ಮೀಟರಿಗೆ ಒಂದು ಅಂಕ, ಅಡುಗೆಮನೆ, ಸ್ನಾನಗೃಹ, ಬಿಸಿಯನ್ನು ಉಳಿಸುವ ಗುಣ, ಸರ್ಕಾರಿ ಮೌಲ್ಯ ಇವುಗಳಿಗೆ ಬೇರೆ ಅಂಕ. ಅದೇ 2024ರ ಜುಲೈಯಲ್ಲಿ ಬಂದ ಇನ್ನೊಂದು ಕಾಯಿದೆ 186 ಅಂಕಗಳವರೆಗಿನ ಮನೆಗಳಿಗೂ ಬಾಡಿಗೆಯ ಮಿತಿ ವಿಧಿಸಿತು. ಪರೀಕ್ಷೆಯ ಉತ್ತರಪತ್ರಿಕೆಯಂತೆ ಮನೆಗೂ ಅಂಕ ಹಾಕುವುದನ್ನು ಕೇಳಿ ನಮಗೆ ನಗು ಬಂದದ್ದುಂಟು. ಆದರೆ ಬಾಯಿಗೆ ಬಂದ ಬಾಡಿಗೆ ಹೇಳುವುದಕ್ಕಿಂತ ಇದು ಮೇಲಲ್ಲವೇ?

ಇನ್ನು ಆ ಊರಿನ ನಿಶ್ಶಬ್ದ. ಮೊದಲ ವಾರ ನಮಗೆ ಅದು ಶಿವಯೋಗಕ್ಕೆ ಹೇಳಿಸಿದಂತಿತ್ತು. ಸಂಜೆಯ ಪೂಜೆಗೆ ಸೂರ್ಯಾಸ್ತವನ್ನು ಕಾದರೆ ಗಂಟೆ ಒಂಬತ್ತೂವರೆಯಾಗುತ್ತಿತ್ತು ಎಂಬುದೊಂದೇ ತೊಡಕು. ಆದರೆ ಸೊಸೆಗೆ ಅದೇ ಮೌನ ಚಳಿಗಾಲದಲ್ಲಿ ಭಾರವಾಗಿತ್ತು. ಸಂಜೆ ನಾಲ್ಕೂವರೆಗೇ ಕತ್ತಲೆ. ಗಂಡ ಸೈಕಲ್ಲಿನಲ್ಲಿ ಬರುವವರೆಗೆ ಮಾತಿಗೆ ಜನವಿಲ್ಲ. ಚರ್ಚಿನ ಗಂಟೆಯೊಂದೇ ಸದ್ದು. “ಗುರುಗಳೇ, ಕುಕ್ಕರ್ ಸೀಟಿ ಕೇಳಿದರೆ ಯಾರೋ ಮಾತನಾಡಿಸಿದಂತೆ ಆಗುತ್ತಿತ್ತು” ಎಂದು ಆಕೆ ಹೇಳಿದಾಗ ನಾವು ಸುಮ್ಮನಾದೆವು. ಮೌನವನ್ನು ಆರಿಸಿಕೊಂಡವನಿಗೂ ಅದು ಪಾಲಿಗೆ ಬಂದವರಿಗೂ ಅಂತರವಿದೆ.

ಆಕೆಯ ಒಂಟಿತನವನ್ನು ಕಳೆದದ್ದು ‘ನೋಬರ್‌ಸ್ಕಾಪ್’ ಎಂಬ ಆ ಸೀಮೆಯ ಹಳೆಯ ಪದ್ಧತಿ. ನೋಬರ್ ಎಂದರೆ ನೆರೆಯವನು. ಹುಟ್ಟು, ಮದುವೆ, ಕಾಯಿಲೆ, ಸಾವುಗಳಲ್ಲಿ ನೆರೆಮನೆಯವರಿಗೆ ಗೊತ್ತಾದ ಕರ್ತವ್ಯಗಳಿವೆ. ಅವು ಸ್ನೇಹವನ್ನಾಗಲಿ ಮನಸ್ತಾಪವನ್ನಾಗಲಿ ನೋಡುವುದಿಲ್ಲ. ಡಿಸೆಂಬರಿನಲ್ಲಿ ಹೆಣ್ಣುಮಗು ಹುಟ್ಟಿತು. ಕೆಲವೇ ದಿನಗಳಲ್ಲಿ ನೆರೆಯವರು ಮಾರುದ್ದದ ಒಣದ್ರಾಕ್ಷಿಯ ರೊಟ್ಟಿಯನ್ನು ಏಣಿಯ ಮೇಲಿಟ್ಟು, ಇಬ್ಬರು ಹೆಗಲ ಮೇಲೆ ಹೊತ್ತು ಮನೆಗೆ ತಂದರಂತೆ. ಬಾಣಂತಿಯ ಮನೆಗೆ ಇದನ್ನು ಒಯ್ಯುವುದು ಅಲ್ಲಿಯ ಸಂಪ್ರದಾಯ. ಇವರು ಮೊಟ್ಟೆ ತಿನ್ನದವರೆಂದು ತಿಳಿದಿದ್ದ ಮಾಲೀಕರ ಪತ್ನಿ ಬರಿಯ ಹಾಲು ಬೆಣ್ಣೆಯಲ್ಲಿ ಅದನ್ನು ಮಾಡಿಸಿದ್ದರು.

ನಾವು ಹೋದ ಮೂರನೆಯ ವಾರ ಮಾಲೀಕರು ನಿದ್ರೆಯಲ್ಲಿಯೇ ತೀರಿಕೊಂಡರು. ಬೆಳಗಿನ ಆರು ಗಂಟೆಗೆ ಅವರ ಪತ್ನಿ ಬಂದು ಬಾಗಿಲು ಬಡಿದದ್ದು ಈ ಮನೆಗೆ. ತೀರ ಸಮೀಪದ ನೋಬರ್ ಇವರೇ! ಹುಡುಗನೇ ಮನೆಮನೆಗೆ ಸೈಕಲ್ಲಿನಲ್ಲಿ ಹೋಗಿ ಸುದ್ದಿ ತಿಳಿಸಿದನು. ಮಧ್ಯಾಹ್ನ ಹಿರಿಯರೊಬ್ಬರು ಬಂದು, ಶವಪೆಟ್ಟಿಗೆಗೆ ಹೆಗಲು ಕೊಡುವ ಆರು ಮಂದಿಯಲ್ಲಿ ಅವನ ಹೆಸರಿದೆಯೆಂದು ಹೇಳಿ ಹೋದರು. ಕೇಳಲಿಲ್ಲ, ಹೇಳಿದರು.

ನಮ್ಮ ಗೆಳೆಯರ ಪತ್ನಿಗೆ ಎರಡು ಚಿಂತೆ. ಮನೆಯಲ್ಲಿ ಎಳೆಗೂಸಿದೆ, ಮೈಲಿಗೆಯಲ್ಲವೇ ಎಂಬುದೊಂದು. ಶರಣರು ಪಂಚಸೂತಕಗಳನ್ನು ತೊರೆದು ಎಂಟು ಶತಮಾನಗಳು ಮೀರಿದರೂ ನಮ್ಮ ಮನೆಗಳ ಹಿತ್ತಿಲಿನಿಂದ ಅವು ಇನ್ನೂ ಹೋಗಿಲ್ಲವೆಂದು ನಾವು ಮೆಲ್ಲಗೆ ಹೇಳಿದೆವು, ಆಕೆ ಒಪ್ಪಿದರು. ಎರಡನೆಯದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. “ಮಾಲಕ್ರು ಹ್ವಾದ ಮ್ಯಾಲ ಮಕ್ಕಳು ಮನಿ ಮಾರ್ತಾರ್ರಿ. ಕೂಸಿನ್ನ ಕಟಗೊಂಡು ಇವ್ರು ಎಲ್ಲಿಗೆ ಹೋಗಬೇಕ್ರಿ?” ಉತ್ತರ ಹೇಳಿದವನು ಹುಡುಗ. ಮನೆ ಮಾರಾಟವಾದರೂ ಬಾಡಿಗೆಯ ಕರಾರು ಮುರಿಯದು ಎಂಬುದು ಡಚ್ ಸಿವಿಲ್ ಸಂಹಿತೆಯ ನಿಯಮ. ವಾರಸುದಾರರಿಗೂ ಕೊಂಡವರಿಗೂ ಹಳೆಯ ಕರಾರೇ ಅಂಟಿಕೊಂಡು ಬರುತ್ತದೆ. ಕಾನೂನು ಹೇಳಿದ ಕಾರಣವಿಲ್ಲದೆ ಬಿಡಿಸುವಂತಿಲ್ಲ. ಬಾಡಿಗೆದಾರನು ಒಪ್ಪದಿದ್ದರೆ ನ್ಯಾಯಾಲಯವೇ ತೀರ್ಮಾನಿಸಬೇಕು. ತಾಯಿ ಕೇಳಿಸಿಕೊಂಡರು, ಆದರೆ ಆ ರಾತ್ರಿ ಊಟ ಮಾಡಲಿಲ್ಲ.

ಅಂತ್ಯಕ್ರಿಯೆಗೆ ನಾವೂ ಹೋದೆವು. ಆ ದೇಶದಲ್ಲಿ ಈಗ ಅರ್ಧಕ್ಕಿಂತ ಹೆಚ್ಚು ಜನ ದಹನವನ್ನೇ ಆರಿಸಿಕೊಳ್ಳುತ್ತಾರೆ. ಇವರದು ಚರ್ಚಿನ ಮಗ್ಗುಲಿನ ಸ್ಮಶಾನದಲ್ಲಿ ಭೂಸಮಾಧಿ. ಎತ್ತರದ ಐವರ ನಡುವೆ ನಮ್ಮ ಹುಡುಗನ ಹೆಗಲು ನಾಲ್ಕು ಬೆರಳು ತಗ್ಗು. ಮುಂದಿನವನು ಅದನ್ನು ಕಂಡು ತನ್ನ ಹೆಗಲನ್ನು ತಗ್ಗಿಸಿಕೊಂಡೇ ನಡೆದನು. ಅಲ್ಲಿ ತಿಳಿದ ಸಂಗತಿಯೊಂದು ನಮ್ಮನ್ನು ಬಹಳ ಹೊತ್ತು ಕಾಡಿತು. ಸಮಾಧಿಯ ನೆಲವೂ ಅಲ್ಲಿ ಸಾಮಾನ್ಯವಾಗಿ ಅವಧಿಗೇ ಸಿಗುವುದು. ಹೂಳಿದ ದೇಹವನ್ನು 10 ವರ್ಷ ಕದಲಿಸಕೂಡದೆಂಬುದು ಕಾನೂನು. ಮುಂದೆ ಉಳಿಯಬೇಕಾದರೆ ಮಕ್ಕಳು ಹಣ ಕಟ್ಟಿ ಹಕ್ಕನ್ನು ಮುಂದುವರಿಸಬೇಕು. ಇಷ್ಟೆಲ್ಲ ಭೂಮಿಯಿದ್ದ ರೈತನೂ ಕಡೆಗೆ ಬಾಡಿಗೆದಾರನೇ ಆದನಲ್ಲ ಎಂದು ಗೆಳೆಯರು ಪಿಸುಗುಟ್ಟಿದರು.

ವಾರದ ಮೇಲೆ ಮಾಲೀಕರ ಹಿರಿಯ ಮಗಳು ಬಂದರು. ತಾಯಿ ಮಗುವನ್ನು ಎತ್ತಿಕೊಂಡು ಬಾಗಿಲಲ್ಲೇ ನಿಂತರು. ಬಾಡಿಗೆಯನ್ನು ಇನ್ನು ಮುಂದೆ ಕಟ್ಟಬೇಕಾದ ಬ್ಯಾಂಕ್ ಖಾತೆಯ ಸಂಖ್ಯೆಯನ್ನು ಚೀಟಿಯಲ್ಲಿ ಬರೆದುಕೊಟ್ಟು, ಮಗುವಿನ ಕೆನ್ನೆ ಮುಟ್ಟಿ, ಆಕೆ ಹೊರಟುಹೋದರು. ಜಮೀನಿನ ಗತಿ ಏನೆಂಬುದು ನಾವು ಹೊರಡುವವರೆಗೂ ನಿರ್ಧಾರವಾಗಿರಲಿಲ್ಲ.

ನಾವು ಊರಿಗೆ ಮರಳುವ ದಿನ ಕಸದ ಬಂಡಿ ಬರುವ ದಿನವಾಗಿತ್ತು. ಕಾರು ಸಿದ್ಧವಾಗಿದ್ದರೂ ಹುಡುಗ ಕಾಣಿಸಲಿಲ್ಲ. ನೋಡಿದರೆ, ಅಂಗಳದ ಆಚೆಯ ಮನೆಯಿಂದ ವೃದ್ಧೆಯ ಹಸಿಕಸದ ತೊಟ್ಟಿಯನ್ನು ತಳ್ಳಿಕೊಂಡು ರಸ್ತೆಯ ಅಂಚಿಗೆ ಬರುತ್ತಿದ್ದನು. ತಮ್ಮ ಮನೆಯದನ್ನು ಅದರ ಪಕ್ಕದಲ್ಲಿ ಆಗಲೇ ಇಟ್ಟಿದ್ದನು.