ಭೋಗ್ಯದ ಮನೆ: ಕೇಳಬೇಕಾದ ಪ್ರಶ್ನೆಗಳು

ದೇವಸಮುದ್ರದಂತಹ ನಮ್ಮ ಗಡಿಭಾಗದ ಊರುಗಳಿಂದ ಶೇಂಗಾ ಬೆಳೆ ಕೈಕೊಟ್ಟ ವರ್ಷ ದುಡಿಮೆಯನ್ನರಸಿ ಬೆಂಗಳೂರಿಗೆ ಹೋದವರು ಅಲ್ಲಿಯೇ ನೆಲೆಯೂರುವುದುಂಟು. ತಿಂಗಳ ಬಾಡಿಗೆಯ ಹೊರೆ ತಾಳಲಾರದೆ ಅವರು ಭೋಗ್ಯದ ಫ್ಲ್ಯಾಟ್ ಹುಡುಕುತ್ತಾರೆ. ಮಾಲೀಕನಿಗೆ ಒಂದೇ ಗಂಟಿನಲ್ಲಿ ಹಲವು ಲಕ್ಷ ಕೊಟ್ಟು, ಎರಡು ಮೂರು ವರ್ಷ ಬಾಡಿಗೆಯಿಲ್ಲದೆ ವಾಸಿಸಿ, ಬಿಡುವಾಗ ಪೂರ್ಣ ಹಣ ಮರಳಿ ಪಡೆಯುವ ಏರ್ಪಾಡು ಇದು. ಆ ಗಂಟು ಎಷ್ಟೋ ಸಲ ಊರಿನಲ್ಲಿ ತಾಯಿಯ ಒಡವೆ ಮಾರಿ ಬಂದದ್ದು.

ಬಂಧುಗಳೊಬ್ಬರಿಗಾಗಿ ಇಂತಹ ಮನೆಗಳನ್ನು ನೋಡುತ್ತ ಅಲೆದಾಗ, ನೀರು ಬರುವುದೇ, ಮಸೀದಿ ಹತ್ತಿರವಿದೆಯೇ ಎಂದಷ್ಟೇ ವಿಚಾರಿಸಿ ಜನರು ಮುಂಗಡ ಕೊಡುವುದನ್ನು ಕಂಡೆವು. ಆದರೆ ಮೊದಲು ಕೇಳಬೇಕಾದದ್ದು ಬೇರೆ. ಮನೆ ತೋರಿಸುವವರು ನಿಜವಾಗಿ ಮಾಲೀಕರೇ? ತಾವು ಬಾಡಿಗೆಗೆ ಪಡೆದ ಮನೆಯನ್ನೇ ಭೋಗ್ಯಕ್ಕೆ ಕೊಟ್ಟು ಕಣ್ಮರೆಯಾಗುವ ಮಧ್ಯವರ್ತಿಗಳಿದ್ದಾರೆ. ಖಾತೆ ಯಾರ ಹೆಸರಿನಲ್ಲಿದೆ? ಋಣಭಾರ ಪ್ರಮಾಣಪತ್ರ ಏನು ಹೇಳುತ್ತದೆ? ಮೂಲ ಕ್ರಯಪತ್ರ ಮಾಲೀಕರ ಕೈಯಲ್ಲಿದೆಯೇ, ಬ್ಯಾಂಕಿನಲ್ಲಿದೆಯೇ? ಸಾಲದ ಕಂತು ನಿಂತರೆ 2002ರ ಸರ್ಫೇಸಿ ಕಾಯ್ದೆಯಂತೆ ಬ್ಯಾಂಕು ಮನೆಯನ್ನು ವಶಪಡಿಸಿಕೊಳ್ಳಬಲ್ಲದು. ಕರಾರು ನೋಂದಣಿಯಾಗುವುದೇ? ಒಂದು ವರ್ಷ ಮೀರಿದ ಗುತ್ತಿಗೆಗೆ 1908ರ ಕಾಯ್ದೆಯಂತೆ ನೋಂದಣಿ ಕಡ್ಡಾಯ. ನಿರ್ವಹಣಾ ವೆಚ್ಚ ಯಾರದು? ಹಣ ಮರಳುವ ದಿನ ಯಾವುದು?

ಇಷ್ಟು ಕೇಳುವುದು ಅಪನಂಬಿಕೆಯಲ್ಲ. ಪವಿತ್ರ ಕುರ್‌ಆನಿನ ಅತಿ ದೀರ್ಘ ಸೂಕ್ತವಾದ ಅಲ್‌ಬಕರದ 282ನೆಯ ಸೂಕ್ತವು ಸಾಲವನ್ನು ಬರೆದಿಡಲು, ಸಾಕ್ಷಿಗಳನ್ನಿರಿಸಲು ಆದೇಶಿಸುತ್ತದೆ. ಕೊಳ್ಳುವವನೂ ಮಾರುವವನೂ ಸತ್ಯ ನುಡಿದು ದೋಷಗಳನ್ನು ತಿಳಿಸಿದರೆ ವ್ಯವಹಾರದಲ್ಲಿ ಬರಕತ್ ಇರುತ್ತದೆ, ಮರೆಮಾಚಿದರೆ ಅದು ಅಳಿಯುತ್ತದೆ ಎಂದು ಪ್ರವಾದಿ(ಸ)ರು ಕಲಿಸಿದ್ದಾರೆ.

ಕೊನೆಯ ಪ್ರಶ್ನೆಯನ್ನು ಮಾತ್ರ ನಾವು ನಮ್ಮನ್ನೇ ಕೇಳಿಕೊಳ್ಳಬೇಕು. ಪೂರ್ಣವಾಗಿ ಮರಳಿ ಬರುವ ಹಣವು ಸಾಲವೇ ಅಲ್ಲವೇ? ಆ ಸಾಲದ ಪ್ರತಿಫಲವಾಗಿ ದೊರೆತ ಬಾಡಿಗೆಯಿಲ್ಲದ ವಾಸ ಯಾವುದು? ಸಾಲದ ಮೇಲೆ ಷರತ್ತಾಗಿ ಪಡೆಯುವ ಲಾಭ ಬಡ್ಡಿಯೇ ಆದ್ದರಿಂದ ಭೋಗ್ಯ ಧರ್ಮಸಮ್ಮತವಲ್ಲವೆಂದು ಅನೇಕ ಉಲಮಾಗಳು ತಿಳಿಸಿದ್ದಾರೆ. ಬ್ಯಾಂಕಿನ ಬಡ್ಡಿಗೆ ಅಂಜುವ ನಾವು ಇದನ್ನು ಕಡೆಗಣಿಸಬಹುದೇ?

ದಾರಿ ಮುಚ್ಚಿಲ್ಲ. ಸಾಧಾರಣ ಮುಂಗಡ, ನ್ಯಾಯವಾದ ಬಾಡಿಗೆ, ನಿಶ್ಚಿತ ಅವಧಿ ಇವು ಕೂಡಿದ ಇಜಾರಾ ಧರ್ಮಸಮ್ಮತವಾದುದು. ಬಾಡಿಗೆ ಕಟ್ಟುವುದಾದರೆ ಮನೆ ಒಂದು ಕೋಣೆಯಷ್ಟು ಚಿಕ್ಕದಾಗಬಹುದು, ಮಸೀದಿ ತುಸು ದೂರವಾಗಬಹುದು. ಆದರೆ ತಾಯಿಯ ಒಡವೆ ತಾಯಿಯ ಬಳಿಯೇ ಉಳಿಯುತ್ತದೆ. ಸಂಶಯವಿದ್ದವರು ಕರಾರಿಗೆ ಸಹಿ ಹಾಕುವ ಮೊದಲೇ ಬಲ್ಲ ಆಲಿಮರನ್ನು ವಿಚಾರಿಸಲಿ.

ನಮ್ಮ ಮನೆಗಳನ್ನು ಅಲ್ಲಾಹನು ಹಲಾಲ್ ಸಂಪಾದನೆಯಿಂದ ಬೆಳಗಿಸಲಿ. ಆಮೀನ್.